ಗೆದ್ದ ಕಾರಿಗೆ ಇನ್ನೂರು ರೂಪಾಯಿ

ಮದ್ದೂರಿನ ಪೀರ್ ಪಾಷಾ ಮೋಟಾರು ರಿಪೇರಿ ಮಾಡಿಕೊಂಡು ತನ್ನ ಪಾಡಿಗೆ ಇದ್ದಿದ್ದರೆ ಈ ಕಥೆ ಹುಟ್ಟುತ್ತಲೇ ಇರಲಿಲ್ಲ. ಅವನು ಕಾನೂನು ಮಾಡಲು ಹೋದ. ಕೆಟ್ಟ ಎಂಜಿನ್ನಿಗೂ ಕೆಟ್ಟ ಕಾನೂನಿಗೂ ಒಂದು ವ್ಯತ್ಯಾಸವಿದೆ: ಎಂಜಿನ್ನನ್ನು ಬಿಚ್ಚಿ ಮತ್ತೆ ಜೋಡಿಸಬಹುದು.

ಯುದ್ಧ ಶುರುವಾಗಿ ಪೆಟ್ರೋಲಿಗೆ ಪರದಾಡುವ ಕಾಲ ಬರುವುದಕ್ಕೆ ಮುಂಚಿನ ಮಾತು. ಮಂಡ್ಯದ ಸಕ್ಕರೆ ಕಾರ್ಖಾನೆಗೆ ಕಬ್ಬು ಹಾಕಿ ನಾಲ್ಕು ಕಾಸು ಕಂಡ ಗೌಡರು, ಅಲ್ಲಿಯವರೆಗೆ ಎತ್ತಿನ ಜೋಡಿ ತೋರಿಸಿ ಮೀಸೆ ತಿರುವುತ್ತಿದ್ದವರು, ಮೈಸೂರಿನಿಂದ ಹಳೇ ಕಾರು ಕೊಂಡು ತಂದು ಅದನ್ನು ತೋರಿಸಿ ಮೀಸೆ ತಿರುವತೊಡಗಿದ್ದರು. ಎತ್ತು ಕೊಂಡವನು ಅದನ್ನು ಓಡಿಸಿ ನೋಡದೆ ಇರುತ್ತಾನೆಯೇ? ಕಾರಿಗೂ ಅದೇ ನ್ಯಾಯವಾಯಿತು. ಬೇಸಿಗೆಯಲ್ಲಿ ನಿಡಘಟ್ಟದ ಕೆರೆ ಒಣಗಿದಾಗ ಅದರ ಅಂಗಳದಲ್ಲಿ ಸುಣ್ಣದ ಗೆರೆ ಎಳೆದು, ಸುತ್ತು ಹಾಕಿಸಿ, ಮೊದಲು ಬಂದವನಿಗೆ ಒಂದು ಹಿತ್ತಾಳೆ ಬಿಂದಿಗೆ ಕೊಡುವುದೆಂದು ಗೊತ್ತುಮಾಡಿದರು. ಧೂಳು ಎಷ್ಟು ಏಳುತ್ತಿತ್ತೆಂದರೆ, ಯಾರು ಮುಂದಿದ್ದಾರೆಂದು ತಿಳಿಯಲು ಜನ ಎಂಜಿನ್ನಿನ ಸದ್ದನ್ನೇ ನಂಬಬೇಕಾಗಿತ್ತು.

ಮೊದಲ ವರ್ಷ ಏಳೆಂಟು ಕಾರು ಓಡಿದವು. ಎರಡನೆಯ ವರ್ಷ ನಿಡಘಟ್ಟದ ಮುದ್ದಯ್ಯ ಬೆಂಗಳೂರಿನಿಂದ ಹೊಸ ಎಂಜಿನ್ನು ತರಿಸಿ ಕೂರಿಸಿಕೊಂಡು ಬಂದ. ಆತನ ಕಾರು ಗೆದ್ದು, ಬಿಂದಿಗೆ ತೆಗೆದುಕೊಂಡು, ನೆರಳಿಗೆ ಹೋಗಿ ನಿಂತ ಮೇಲೂ ಉಳಿದವರು ಇನ್ನೂ ಓಡುತ್ತಲೇ ಇದ್ದರು. ಮೂರನೆಯ ವರ್ಷ ಮುದ್ದಯ್ಯನನ್ನು ಮೀರಿಸಲು ಹೋದ ಇಬ್ಬರು ಗದ್ದೆ ಭೋಗ್ಯಕ್ಕೆ ಹಾಕಿದರು, ಆದರೂ ಮೀರಿಸಲಿಲ್ಲ. ಅದರ ಮುಂದಿನ ವರ್ಷ ಓಟಕ್ಕೆ ಬಂದದ್ದು ಎರಡೇ ಕಾರು. ಅದರಲ್ಲಿ ಒಂದು, ದಾರಿ ತಪ್ಪಿ ಬಂದ ಡಾಕ್ಟರರದ್ದು.

ಇದರಿಂದ ಹೆಚ್ಚು ನೊಂದವನು ಪೀರ್ ಪಾಷಾ. ಮುದ್ದಯ್ಯನ ಆ ಬೆಂಗಳೂರು ಎಂಜಿನ್ನನ್ನು ಪ್ರತಿ ಓಟಕ್ಕೂ ಹದಮಾಡಿ ಕೊಡುತ್ತಿದ್ದವನು ಅವನೇ. ಗೆಲ್ಲುವ ಕಾರಿನ ಹೊಟ್ಟೆಯ ಕೆಳಗೆ ಮಲಗಿ ಮಲಗಿ ಅವನ ಬೆನ್ನು ಸವೆದಿತ್ತೇ ಹೊರತು ಸೀಟಿನ ಮೇಲೆ ಕೂತವನಲ್ಲ. ಒಂದೇ ಒಂದು ಸಲ ಆ ಸುಣ್ಣದ ಗೆರೆಯನ್ನು ಎಲ್ಲರಿಗಿಂತ ಮೊದಲು ತಾನು ದಾಟಬೇಕು ಎಂಬುದು ಅವನ ಆಸೆ. ಆಸೆಗೇನು, ಅದಕ್ಕೆ ಪೆಟ್ರೋಲು ಬೇಕಾಗಿಲ್ಲ. ಕಾರಿಗೆ ಬೇಕಲ್ಲ.

ಹಾಗಾಗಿ ಅವನು ಕಾನೂನು ಹುಡುಕಿದ. ಓಟದ ತೀರ್ಪುಗಾರರಾಗಿದ್ದ ನಿವೃತ್ತ ಮೇಷ್ಟ್ರು ತಿಮ್ಮಯ್ಯನವರ ಜಗಲಿಯ ಮೇಲೆ ಎಲ್ಲರನ್ನೂ ಕೂರಿಸಿ ಹೇಳಿದ: "ಗೆದ್ದ ಕಾರನ್ನ, ಓಟಕ್ಕೆ ಬಂದಿರೋರಲ್ಲಿ ಯಾರ್ ಬೇಕಾದ್ರೂ ಅಲ್ಲೇ ಇನ್ನೂರು ರೂಪಾಯಿ ಕೊಟ್ಟು ಒಡ್ಕಂಡೋಗ್ಬೌದು. ಗೆದ್ದೋನು ಕೊಡಾಕಿಲ್ಲ ಅನ್ನಂಗಿಲ್ಲ."

ಮೇಷ್ಟ್ರು ಕಣ್ಣು ಮುಚ್ಚಿ ಯೋಚಿಸಿದರು. ಎರಡು ಸಾವಿರದ ಕಾರು ತಂದವನು ಗೆದ್ದರೆ ಇನ್ನೂರಕ್ಕೆ ಕಳೆದುಕೊಳ್ಳಬೇಕು. ಆದ್ದರಿಂದ ಯಾರೂ ಇನ್ನೂರಕ್ಕಿಂತ ಹೆಚ್ಚಿನ ಕಾರು ತರುವುದಿಲ್ಲ. ಬಡವನೂ ಓಡಬಹುದು. "ಪಾಷಾ, ನೀನು ಓದಿದ್ರೆ ದಿವಾನ ಆಗ್ತಿದ್ದೆ ಕಣಯ್ಯಾ" ಎಂದರು. ಮುದ್ದಯ್ಯನಿಗೂ ಒಳಗೊಳಗೇ ಸಮಾಧಾನವಾಗಿತ್ತು. ಒಬ್ಬನೇ ಓಡಿ ಒಬ್ಬನೇ ಗೆಲ್ಲುವುದು ಆತನಿಗೂ ಬೇಸರ ತರಿಸಿತ್ತು.

ಅಂದಿನಿಂದ ಪಾಷಾ ತನ್ನ ಕಾರನ್ನು ಕಟ್ಟತೊಡಗಿದ. ಮಳವಳ್ಳಿ ದಾರಿಯಲ್ಲಿ ಮರಕ್ಕೆ ಗುದ್ದಿ ಸತ್ತ ಬಸ್ಸಿನ ಅಡಿಪಟ್ಟಿ, ಹಾಳು ಬಾವಿಯಿಂದ ಎತ್ತಿದ ಹಳೇ ಫೋರ್ಡಿನ ಎಂಜಿನ್ನು, ಒಂದಕ್ಕೊಂದು ಪರಿಚಯವಿಲ್ಲದ ನಾಲ್ಕು ಚಕ್ರ, ಪೆಟ್ರೋಲಿಗೆ ಸೀಮೆಎಣ್ಣೆಯ ಡಬ್ಬ. ಎಂಜಿನ್ನಿಗೆ ಗಾಳಿ ಹೋಗುವ ಬಾಯಿಯನ್ನು ಮುಚ್ಚಿ ತೆರೆಯುವ ಪಟ್ಟಿ ಕೈಗೆ ಎಟುಕದ ಕಡೆ ಕೂತಿದ್ದರಿಂದ ಅದಕ್ಕೊಂದು ದಾರ ಕಟ್ಟಿ, ದಾರದ ಇನ್ನೊಂದು ತುದಿಯನ್ನು ತನ್ನ ಎಡಗಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡ. ಹೆಬ್ಬೆರಳು ಮಡಿಸಿದರೆ ಎಂಜಿನ್ನು ಗುಟುರು ಹಾಕುತ್ತಿತ್ತು, ಬಿಟ್ಟರೆ ಕೆಮ್ಮುತ್ತಿತ್ತು.

ಕಾರು ಎದ್ದು ನಿಂತದ್ದು ಹಾಜಿರಾ ಬೀಯ ಅಡುಗೆ ಚಪ್ಪರದ ಕೆಳಗೆ. ಗಂಡ ಹೆಂಡತಿ ಮನೆಯೊಳಗೆ ಆಡುತ್ತಿದ್ದದ್ದು ಉರ್ದು. ಬೈಯುವಾಗ ಮಾತ್ರ ಹಾಜಿರಾ ಬೀ ಕನ್ನಡಕ್ಕೆ ಬರುತ್ತಿದ್ದಳು, ಪಕ್ಕದ ಮನೆಯ ಮಾಯಮ್ಮನಿಗೂ ತಿಳಿಯಲಿ ಎಂದು. ಒಂದು ವರ್ಷ ಅವಳು ಬಿಸಿಲಲ್ಲೇ ಒಲೆ ಹೂಡಿದಳು. "ಆ ಹೆಣದ ಪಕ್ಕ ಕೂತು ಅದೇನ್ ಮುದ್ದು ಮಾಡ್ತೀರೋ, ನಾ ಕಾಣೆ" ಎನ್ನುತ್ತಿದ್ದಳು. ಪಾಷಾ ಕೇಳಿಸದವನಂತೆ ಎಣ್ಣೆ ಒರೆಸುತ್ತಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಹೆಗ್ಗಣವನ್ನು ಕೈಯಾರೆ ಜೋಡಿಸಿ ಕಟ್ಟಿದವರ ಪಾಡನ್ನು ಯಾರೂ ಗಾದೆ ಮಾಡಿಲ್ಲ.

ಓಟದ ದಿನ ಆರು ಕಾರು ಬಂದವು. ಮುದ್ದಯ್ಯ ತನ್ನ ಬೆಂಗಳೂರು ಎಂಜಿನ್ನನ್ನು ಕೊಟ್ಟಿಗೆಯಲ್ಲಿ ಭದ್ರಮಾಡಿ, ಅಪ್ಪನ ಕಾಲದ ಮುದಿ ಕಾರೊಂದನ್ನು ಎಬ್ಬಿಸಿಕೊಂಡು ಬಂದಿದ್ದ. ಸೋಮನಹಳ್ಳಿಯ ಚಲುವಮ್ಮನ ಕಾರನ್ನು ಬಸ್ಸಿನ ಡ್ರೈವರು ಸಿದ್ದರಾಜು ಓಡಿಸುತ್ತಿದ್ದ. ಚಲುವಮ್ಮ ಎರಡು ಆಲೆಮನೆ ನಡೆಸುವ ಹೆಂಗಸು, ಬೆಲ್ಲದ ವ್ಯಾಪಾರದಲ್ಲಿ ಗಂಡಸರನ್ನು ನೀರು ಕುಡಿಸಿದವಳು. ಆಕೆ ಹುಣಸೆಮರದ ಕೆಳಗೆ ಕೂತಿದ್ದಳು. ಸೆರಗಿನ ತುದಿಯಲ್ಲಿ ದಪ್ಪ ಗಂಟು. ಅದರಲ್ಲಿ ಇನ್ನೂರು ರೂಪಾಯಿ ಇದೆಯೆಂದು ಆಕೆಯೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು. ಗೆದ್ದ ಕಾರು, ಅದು ಯಾರದ್ದೇ ಆಗಲಿ, ಆಕೆಗೆ ಬೇಕಾಗಿತ್ತು. ಎಂಜಿನ್ನು ಬಿಚ್ಚಿ ಕಬ್ಬಿನ ಗಾಣಕ್ಕೆ ಕಟ್ಟುತ್ತಾಳಂತೆ.

ಪಾಷಾ ಆ ಗಂಟನ್ನು ನೋಡಿದ. ಬೇರೆಯವರ ಕಾರು ಹೋಗುವ ಬಗ್ಗೆ ಇಡೀ ವರ್ಷ ಯೋಚಿಸಿದ್ದವನಿಗೆ, ಗೆಲ್ಲುವವನು ತಾನಾದರೆ ಹೋಗುವುದು ತನ್ನದೇ ಕಾರು ಎಂಬುದು ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ಮೇಷ್ಟ್ರು ಕಾನೂನನ್ನು ಗಟ್ಟಿಯಾಗಿ ಓದಿ ಹೇಳಿ, ತಮಟೆ ಬಡಿಸಿದರು. ಕಾರುಗಳು ಹಾರಿದವು. ಮೊದಲ ಎರಡು ಸುತ್ತು ನಿಜವಾದ ಓಟವೇ. ಒಂದರ ರೇಡಿಯೇಟರು ಕುದಿದು ಅದು ಅಲ್ಲೇ ನಿಂತಿತು. ಪಾಷಾನ ಹೆಬ್ಬೆರಳು ಮಡಿಸಿದ್ದು ಮಡಿಸಿದಂತೆಯೇ ಇತ್ತು. ಮುದ್ದಯ್ಯನನ್ನು ಹಿಂದೆ ಹಾಕಿದ, ಸಿದ್ದರಾಜುವನ್ನು ಹಿಂದೆ ಹಾಕಿದ. ಧೂಳಿನಲ್ಲಿ ಜನ "ಸಾಬ್ರು! ಸಾಬ್ರು!" ಎಂದು ಕೂಗುತ್ತಿದ್ದದ್ದು ಕೇಳಿಸಿ ಅವನಿಗೆ ಕಣ್ಣಲ್ಲಿ ನೀರು ಬಂತು. ಧೂಳಿಗೂ ಬಂದಿರಬಹುದು.

ಕೊನೆಯ ಸುತ್ತಿನಲ್ಲಿ ಗೆರೆ ಕಾಣುವ ಹೊತ್ತಿಗೆ ಅವನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ಹಿಂದಿನಿಂದ ಬಂದ ಮುದ್ದಯ್ಯ ಅವನನ್ನು ದಾಟಿ ಹೋಗಬೇಕಿತ್ತು. ಹೋಗಲಿಲ್ಲ, ಪಕ್ಕಕ್ಕೆ ಬಂದು ನಿಂತ. ಆಮೇಲೆ ಸಿದ್ದರಾಜು ಬಂದು ನಿಂತ. ಉಳಿದ ಇಬ್ಬರೂ ಬಂದು ಸಾಲಾಗಿ ನಿಂತರು. ಗೆರೆ ಹತ್ತು ಮಾರು ದೂರದಲ್ಲಿತ್ತು.

"ಓಗಿ ಸಾಬ್ರೆ, ನೀವೇ ಮುಂದಿದ್ರಲ್ಲ" ಎಂದ ಮುದ್ದಯ್ಯ, ಮದುವೆ ಮನೆಯ ಪಂಕ್ತಿಗೆ ಕರೆಯುವವನ ಧ್ವನಿಯಲ್ಲಿ.

"ಎಲ್ಲಾರಾ ಉಂಟೇ ಗೌಡ್ರೆ? ದೊಡ್ಡೋರು ನೀವು. ನೀವ್ ಓಗಿ."

"ನನ್ ಕಾರಿಗೆ ಯಾಕೋ ಉಸ್ರು ಕಟ್ಟೈತೆ. ಸಿದ್ದರಾಜು, ನೀನಾರಾ ಓಗ್ಲಾ."

ಸಿದ್ದರಾಜು ಹುಣಸೆಮರದ ಕಡೆ ನೋಡಿದ. ಚಲುವಮ್ಮ ಅಲ್ಲಿಂದಲೇ ಬೇಡವೆಂದು ಕೈಯಾಡಿಸಿದಳು. ಅವನು ಇಳಿದು, ಬಾನೆಟ್ಟು ಎತ್ತಿ, ಒಳಗೆ ತಲೆ ಹಾಕಿ ನಿಂತ.

ಜನಕ್ಕೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಗತೊಡಗಿದರು. ನಕ್ಕು ಸಾಕಾಗಿ ಕೆಲವರು ಬುತ್ತಿ ಬಿಚ್ಚಿದರು. ತಿಮ್ಮಯ್ಯ ಮೇಷ್ಟ್ರು ಗೆರೆಯ ಪಕ್ಕ ಬಿಸಿಲಲ್ಲಿ ಬಾವುಟ ಹಿಡಿದು ನಿಂತೇ ಇದ್ದರು. "ಪಾಷಾ, ಮುಂದಿನ ವರ್ಷದಿಂದ ಇದನ್ನ ನಿಲ್ಲಿಸಿಬಿಡೋಣ ಬಿಡಪ್ಪಾ" ಎಂದರು, ಬೇಸರದಿಂದಲ್ಲ, ಸುಸ್ತಿನಿಂದ.

ಆ ಮಾತು ಪಾಷಾನಿಗೆ ತಾಗಿತು. ಓಟ ನಿಂತುಹೋದರೆ ಈ ಕಾರು ಇಟ್ಟುಕೊಂಡು ಏನು ಮಾಡುವುದು? ಚಪ್ಪರದ ಕೆಳಗೆ ನಿಲ್ಲಿಸಿಕೊಂಡು ಸಾಯುವವರೆಗೆ ಒರೆಸುವುದೇ? ಇಟ್ಟುಕೊಂಡರೆ ಗೆಲ್ಲುವಂತಿಲ್ಲ, ಗೆದ್ದರೆ ಇಟ್ಟುಕೊಳ್ಳುವಂತಿಲ್ಲ. ಈ ಗಂಟು ಹಾಕಿದವನು ತಾನೇ. ಅವನಿಗೆ ತುಂಬ ದುಃಖವಾಯಿತು. ಕಾರಿನ ಮೈಯನ್ನು ಒಮ್ಮೆ ತಟ್ಟಿ, "ಮಾಫ್ ಕರ್" ಎಂದು, ಹೆಬ್ಬೆರಳು ಮಡಿಸಿ ಗೆರೆ ದಾಟಿದ.

ಉಳಿದವರಿಗೆ ಎಲ್ಲಿಲ್ಲದ ಹುರುಪು ಬಂದು, ಎರಡನೆಯ ಸ್ಥಾನಕ್ಕೆ ಗುದ್ದಾಡಿಕೊಂಡು ನುಗ್ಗಿದರು.

ಬಿಂದಿಗೆ ಕೊಟ್ಟದ್ದಾಯಿತು. ಹಾರ ಹಾಕಿದ್ದಾಯಿತು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, "ಗೆದ್ದ ಕಾರು ಇನ್ನೂರು ರೂಪಾಯಿಗೆ! ಯಾರಿಗೆ ಬೇಕು?" ಎಂದು ಕೂಗಿದರು. ಪಾಷಾ ಕಣ್ಣು ಮುಚ್ಚಿದ. ಮಗಳನ್ನು ಕಳಿಸಿಕೊಡುವ ತಂದೆಯೂ ಅಷ್ಟು ಬಿಗಿಯಾಗಿ ಮುಚ್ಚಿರಲಾರ.

ಮೇಷ್ಟ್ರು ಎರಡನೆಯ ಸಲ ಕೂಗಿದರು. ಪಾಷಾ ಒಂದು ಕಣ್ಣು ತೆರೆದ.

ಚಲುವಮ್ಮ ಎದ್ದು ಬಂದು ಕಾರನ್ನು ಒಂದು ಸುತ್ತು ಹಾಕಿದಳು. ಎತ್ತಿನ ಸುಳಿ ನೋಡುವಂತೆ ಹಿಂದೆ ನೋಡಿದಳು, ಮುಂದೆ ನೋಡಿದಳು, ಸೀಮೆಎಣ್ಣೆ ಡಬ್ಬವನ್ನು ಬೆರಳಿನಿಂದ ಬಡಿದಳು. ದಾರದ ಜಾಡು ಹಿಡಿದು ಹೋಗಿ ಪಾಷಾನ ಹೆಬ್ಬೆರಳನ್ನು ತಲುಪಿದಳು.

"ಇದ ಯಾರ್ ಓಡ್ಸೋರು ಸಾಬ್ರೆ?"

"ನಾನೇ ಅವ್ವಾ."

"ನಿಮ್ಮನ್ನೂ ಸೇರ್ಸಿ ಇನ್ನೂರಾ?"

"ಇಲ್ಲ. ಕಾರು ಮಾತ್ರ."

"ಅಂಗಾರೆ ಬ್ಯಾಡ ಬುಡಿ" ಎಂದು ಆಕೆ ಸೆರಗಿನ ಗಂಟನ್ನು ಇನ್ನೊಂದು ಸುತ್ತು ಬಿಗಿದಳು.

ಪಾಷಾನಿಗೆ ಸಂತೋಷವಾಗಬೇಕಿತ್ತು. ಕಾರು ಉಳಿಯಿತು, ಬಿಂದಿಗೆ ಬಂತು, ಹಾರ ಕೊರಳಲ್ಲಿದೆ. ಆದರೆ ಅವನ ಕಿವಿಯವರೆಗೆ ಸಿಟ್ಟು ಏರಿತು. "ಯಾಕ್ ಬ್ಯಾಡ? ಎಲ್ಲಾರ್ಗಿಂತ ಮುಂದೆ ಬಂದಿಲ್ವಾ?" ಎಂದು ಬಾನೆಟ್ಟು ಎತ್ತಿ ಹಿಡಿದ. "ಗೌಡ್ರೆ, ನೀವು ನೋಡಿ. ಈ ಸದ್ದು ಕೇಳಿ. ನಿಮ್ಮ ಬೆಂಗ್ಳೂರು ಎಂಜಿನ್ನಿಗೈತಾ ಈ ಸದ್ದು?"

"ಇಲ್ಲ" ಎಂದು ಮುದ್ದಯ್ಯ ಪ್ರಾಮಾಣಿಕವಾಗಿ ಒಪ್ಪಿಕೊಂಡ.

"ನೂರಾ ಎಂಬತ್ತು ಕೊಡಿ. ನೂರಾ ಐವತ್ತು!"

"ಇನ್ನೂರಕ್ಕಿಂತ ಕಮ್ಮಿಗೆ ಕೊಡೋಕೆ ಕಾನೂನಲ್ಲಿ ಜಾಗ ಇಲ್ಲ" ಎಂದರು ಮೇಷ್ಟ್ರು. "ಕಾನೂನು ನಿನ್ನದೇ."

ಮುದ್ದಯ್ಯನಿಗೆ ಅಯ್ಯೋ ಎನ್ನಿಸಿರಬೇಕು. ಹೆಗಲ ಮೇಲಿನ ಟವಲ್ಲನ್ನು ತೆಗೆದು, ದನದ ಜಾತ್ರೆಯಲ್ಲಿ ಮಾಡುವಂತೆ ಪಾಷಾನ ಕೈಮೇಲೆ ಹೊದಿಸಿ, ಅದರ ಕೆಳಗೆ ಬೆರಳು ಒತ್ತಿ ತನ್ನ ಬೆಲೆ ತಿಳಿಸಿದ. ಪಾಷಾ ಕೆಂಡ ಮುಟ್ಟಿದವನಂತೆ ಕೈ ಕಿತ್ತುಕೊಂಡ. ಟವಲ್ಲಿನ ಕೆಳಗಿನ ಬೆಲೆ ಅವರಿಬ್ಬರ ನಡುವೆಯೇ ಉಳಿಯಿತು. ಪಾಷಾ ಅದನ್ನು ಕಡೆಯವರೆಗೂ ಯಾರಿಗೂ ಹೇಳಲಿಲ್ಲ.

ಅಷ್ಟರಲ್ಲಿ ಮೇಷ್ಟ್ರ ಸುತ್ತ ಜನ ಮುತ್ತಿಕೊಂಡಿದ್ದರು. ಯಾರಿಗೂ ಬೇಡವಾದ ಕಾರು ಗೆಲ್ಲುವುದಾದರೆ ತಾವೂ ಯಾಕೆ ಓಡಬಾರದು ಎಂದು ಎಲ್ಲರಿಗೂ ಒಟ್ಟಿಗೇ ಹೊಳೆದಿತ್ತು. ಗದ್ದೆಯಲ್ಲಿ ಬಿದ್ದ ಚಕ್ರ, ಮಾವನ ಹಿತ್ತಿಲಲ್ಲಿರುವ ಎಂಜಿನ್ನು, ಎಲ್ಲದರ ವಿಚಾರ ಎದ್ದಿತು. ಮುಂದಿನ ವರ್ಷಕ್ಕೆ ಹೆಸರು ಕೊಡುವವರ ನೂಕುನುಗ್ಗಲಿನಲ್ಲಿ ಮೇಷ್ಟ್ರ ಕನ್ನಡಕ ಬಿತ್ತು. "ಎಂಥಾ ಕಾನೂನು ಮಾಡಿದ್ರಿ ಸಾಬ್ರೆ!" ಎಂದು ಒಬ್ಬೊಬ್ಬರಾಗಿ ಬಂದು ಪಾಷಾನ ಬೆನ್ನು ತಟ್ಟಿದರು. ತಟ್ಟಿದಷ್ಟೂ ಅವನ ಬೆನ್ನು ಬಾಗಿತು.

ಪಾಷಾ ಕಾರು ಓಡಿಸಿಕೊಂಡು ಮನೆಗೆ ಬಂದ. ಹಾಜಿರಾ ಬೀ ಬಾಗಿಲಿಗೆ ಬಂದು ಕಾರು ನೋಡಿದಳು, ಹಾರ ನೋಡಿದಳು. ಬಿಂದಿಗೆ ಇಸಿದುಕೊಂಡು ತೂತು ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿದಳು.

"ಗೆದ್ರಾ?"

"ಗೆದ್ದೆ."

"ಗಾಡೀನೂ ಉಳೀತಲ್ಲ. ಮತ್ಯಾಕೆ ಮುಖ ಅಂಗಿದೆ?"

ಪಾಷಾ ಕಾಲಿನ ದಾರ ಬಿಚ್ಚುತ್ತ ಕೂತ. ಗಂಟು ಬಿಗಿದುಕೊಂಡಿತ್ತು, ಬೇಗ ಬಿಚ್ಚಿಕೊಳ್ಳಲಿಲ್ಲ. "ಯಾರೂ ಕೇಳ್ಲಿಲ್ಲ" ಎಂದ. "ಊರಿಗೆ ಊರೇ ನಿಂತಿತ್ತು. ಒಬ್ರೂ ನಂಗೆ ಬೇಕು ಅನ್ಲಿಲ್ಲ."

ಹಾಜಿರಾ ಬೀ ಬಿಂದಿಗೆಯನ್ನು ಸೊಂಟಕ್ಕೆ ಇಟ್ಟುಕೊಂಡಳು.

"ನಮ್ಮಪ್ಪ ನಿಮ್ಮ ಮನೆಗೆ ಗಂಡು ನೋಡಕ್ಕೆ ಬರೋವರ್ಗೂ ನಿಮ್ಮನ್ನೂ ಯಾರೂ ಬೇಕು ಅಂತ ಕೇಳಿರ್ಲಿಲ್ಲ" ಎಂದಳು. "ನಾನು ಬ್ಯಾಡ ಅಂದ್ನಾ?"

ಅಷ್ಟು ಹೇಳಿ ಅವಳು ನೀರಿಗೆ ಹೋದಳು.