ಬೋಲ್ಟ್‌ಗೆ ಹಚ್ಚಿದ ನೇಲ್ ಪಾಲಿಶ್

ತಕ್ಕಡಿ ಮಾವ ನಮ್ಮ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಮೂವತ್ತು ವರ್ಷ ಅಂಗಡಿಗಳ ತೂಕದ ಬಟ್ಟು ಪರೀಕ್ಷಿಸಿ ನಿವೃತ್ತರಾದವರು. ಹಾಲಿಗೆ ನೀರು ಬೆರೆಸಿದ್ದಾರೆ ಎಂದು ನಾವು ಅನುಮಾನಪಟ್ಟರೆ, ಅವರು ಆ ನೀರಿಗೂ ಏನೋ ಬೆರೆಸಿದ್ದಾರೆ ಎನ್ನುವವರು.

ಅವರ ಮಗಳು ನರ್ಸ್. ದೊಡ್ಡ ಇಂಜಿನ್ನಿನ ಸ್ಕೂಟರಿನಲ್ಲಿ ಮಗುವನ್ನು ಶಾಲೆಗೆ ಬಿಟ್ಟು, ಇಳಿಜಾರು ರಸ್ತೆ ಹಿಡಿದು ಆಸ್ಪತ್ರೆಗೆ ಹೋಗುತ್ತಾಳೆ. ಕೆಲವು ದಿನಗಳಿಂದ ಹಿಂದಿನ ಚಕ್ರದ ಹತ್ತಿರ ಗುಂಯ್ ಎಂಬ ಸದ್ದು. ಎದುರು ಮನೆಯ ಮೆಕ್ಯಾನಿಕ್ ಅಕ್ಕನ ಕಿವಿಗೆ ಅದು ಬಿತ್ತು.

“ಮಾವ, ಇದರ ಗೇರ್ ಆಯಿಲ್ ಯಾವಾಗ ಬದಲಾಯ್ಸಿದ್ದು? ಹಿಂದಿನ ಟಯರೂ ಸವೆದಿದೆ.”

“ಹೋದ ತಿಂಗಳೇ ಹೊಸ ಆಯಿಲ್ ಹಾಕಿಸಿದ್ದೀನಿ, ನನ್ನ ಕಣ್ಣೆದುರಿಗೆ. ಗೇರೇ ಇಲ್ಲದ ಸ್ಕೂಟರಿಗೆ ಗೇರ್ ಆಯಿಲ್ಲಾ? ಯಾರ ಕಿವಿ ಮೇಲೆ ಹೂ ಇಡ್ತೀಯಮ್ಮ?”

“ನೀವು ಹಾಕಿಸಿದ್ದು ಇಂಜಿನ್ ಆಯಿಲ್. ಇಲ್ಲಿ ಹಿಂದಿನ ಚಕ್ರದ ಪಕ್ಕ ಡಬ್ಬಿ ಇದೆಯಲ್ಲ, ಇದರೊಳಗೆ ಹಲ್ಲಿನ ಚಕ್ರಗಳಿವೆ. ಇಂಜಿನ್ ಶಕ್ತಿ ಟಯರಿಗೆ ಹೋಗೋದು ಇವುಗಳಿಂದಲೇ. ಇವಕ್ಕೆ ಬೇರೆ ಆಯಿಲ್. ಅದು ಕೆಟ್ಟರೆ ಒಳಗೆಲ್ಲ ಸವೆದು, ಒಂದಿನ ಚಕ್ರಾನೇ ಬಿಗಿದುಕೊಳ್ಳಬಹುದು. ಇಳಿಜಾರಲ್ಲಿ ಹಾಗಾದ್ರೆ?”

ಮಾವ ಅರೆಮನಸ್ಸಿನಿಂದ ಒಪ್ಪಿದರು. ಆದರೆ ಗಾಡಿಯನ್ನು ಅಕ್ಕನ ಗ್ಯಾರೇಜಿಗೆ ಕಳಿಸುವ ಮೊದಲು ಮಗಳ ಕೆಂಪು ನೇಲ್ ಪಾಲಿಶ್ ತಂದು, ಎಣ್ಣೆ ಇಳಿಸುವ ಬೋಲ್ಟ್‌ನಿಂದ ಡಬ್ಬಿಯವರೆಗೆ ಸಣ್ಣದೊಂದು ಗೆರೆ ಎಳೆದರು. ಬೋಲ್ಟ್ ಬಿಚ್ಚಿದರೆ ಗೆರೆ ಮುರಿಯಲೇಬೇಕು.

ಮಧ್ಯಾಹ್ನ ಗ್ಯಾರೇಜಿಗೆ ಹೋಗಿ ಬಗ್ಗಿ ನೋಡಿದರೆ ಗೆರೆ ಹಾಗೇ ಇದೆ. ಮಾವನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

“ಆಯಿಲ್ ಬದಲಾಯ್ಸಿದ್ಯೇನಮ್ಮ?”

“ಇಲ್ಲ ಮಾವ. ಬೋಲ್ಟ್‌ಗೆ ನೇಲ್ ಪಾಲಿಶ್ ಹಚ್ಚೋರು ಊರಲ್ಲಿ ನೀವೊಬ್ರೇ. ಗೆರೆ ಮುರಿದಿದ್ರೆ, ಸುಮ್ನೆ ತಿರುಗಿಸಿ ಇಟ್ಟಿದ್ದಾಳೆ ಅಂತಿದ್ರಿ. ಅದಕ್ಕೇ ಕಾದೆ. ಕೂತ್ಕೊಳ್ಳಿ, ನಿಮ್ಮೆದುರಿಗೇ ಬಿಚ್ತೀನಿ.”

ಬಿಳಿ ತಟ್ಟೆಗೆ ಕರಿ ಎಣ್ಣೆ ಇಳಿಯಿತು. ಅದರಲ್ಲಿ ಏನೋ ಮಿನುಗುತ್ತಿತ್ತು. ಮಾವ ಬೆರಳು ಅದ್ದಿ ಉಜ್ಜಿದರು. ಲೋಹದ ಪುಡಿ. ಆ ಸೀಟಿನ ಮೇಲೆ ಅಮ್ಮನ ಸೊಂಟ ಹಿಡಿದು ಕೂರುವ ಮೊಮ್ಮಗಳು ನೆನಪಾಗಿ ಅವರಿಗೆ ನಿಜಕ್ಕೂ ಭಯವಾಯಿತು.

“ಇಂಜಿನ್ ಆಯಿಲ್ ಬಿಟ್ಟು ಬೇರೇನೂ ಮುಟ್ಟಬೇಡಿ ಅಂತ ಸರ್ವಿಸ್ ಮಾಡೋರಿಗೆ ಪ್ರತಿ ಸಲ ಹೇಳಿದ್ದು ನಾನೇ,” ಎಂದರು.

ಅಕ್ಕ ಹಂಗಿಸಲಿಲ್ಲ. ಹಾಳಾದ ಬೇರಿಂಗ್ ತೆಗೆದು ತೋರಿಸಿದಳು. ಟಯರಿನ ಗೀರುಗಳ ಆಳದಲ್ಲಿರುವ ಪುಟ್ಟ ದಿಣ್ಣೆಗಳನ್ನೂ ತೋರಿಸಿದಳು. ಟಯರು ಆ ದಿಣ್ಣೆಯ ಮಟ್ಟಕ್ಕೆ ಸವೆದರೆ ಬದಲಾಯಿಸಲೇಬೇಕಂತೆ. ಮಾವ ಎರಡನ್ನೂ ಹೊಸದು ಹಾಕಿಸಿದರು.

“ಗಾಳಿ ಹೇಗೆ ನೋಡ್ತೀರಿ ಮಾವ?”

“ಹೆಬ್ಬೆರಳಲ್ಲಿ ಒತ್ತಿ.”

“ಅಂಗಡಿಯವನು ತಕ್ಕಡಿ ಬಿಟ್ಟು ಕೈಯಲ್ಲೇ ಎತ್ತಿ ತೂಕ ಹೇಳಿದ್ರೆ ಬಿಡ್ತಿದ್ರಾ?”

ಮಾವನಿಗೆ ನಗು ಬಂತು. “ಕೇಸ್ ಹಾಕ್ತಿದ್ದೆ.”

ಈಗ ವಾರಕ್ಕೊಮ್ಮೆ ಬೆಳಿಗ್ಗೆ, ಟಯರು ತಣ್ಣಗಿರುವಾಗಲೇ, ಮಾವ ಮೀಟರ್ ಹಿಡಿದು ಗಾಳಿ ಅಳೆಯುತ್ತಾರೆ. ಆ ಮೀಟರಿನ ಮೇಲೂ ಅನುಮಾನ ಬಂದು ಇನ್ನೊಂದು ಕೊಂಡಿದ್ದಾರೆ.

“ಅಪ್ಪ, ಡ್ಯೂಟಿಗೆ ತಡವಾಯ್ತು. ನನ್ನ ಮೇಲೆ ನಂಬಿಕೆ ಇಲ್ವಾ?”

“ನಿನ್ನ ಮೇಲಿದೆ ಮಗಳೇ. ಟಯರ್ ಮೇಲಿಲ್ಲ.”

ಓದುವವರೇ, ನಿಮ್ಮ ಗಾಡಿಯ ಜೊತೆ ಬಂದ ಪುಸ್ತಕವನ್ನು ಇವತ್ತೇ ಹುಡುಕಿ ತೆಗೆಯಿರಿ. ಗಾಳಿ ಎಷ್ಟಿರಬೇಕು, ಗೇರ್ ಆಯಿಲ್ ಎಷ್ಟು ಕಿಲೋಮೀಟರಿಗೆ ಬದಲಾಯಿಸಬೇಕು ಎಂದು ಅದರಲ್ಲೇ ಇದೆ. ನಿಮ್ಮದು ಬೆಲ್ಟ್ ಅಥವಾ ಚೈನ್ ಇರುವ ಗಾಡಿಯಾದರೆ ಅದರ ಗಡುವನ್ನೂ ನೋಡಿಕೊಳ್ಳಿ. ಮೆಕ್ಯಾನಿಕ್ ಮೇಲೆ ಅನುಮಾನವೇ? ಎದುರಿಗೇ ಬಿಚ್ಚಿಸಿ, ಹಳೇ ಎಣ್ಣೆ ತೋರಿಸಲು ಹೇಳಿ. ಆದರೆ ಹಿಂದಿನ ಚಕ್ರವನ್ನು ಬಗ್ಗಿ ನೋಡುವ ಮೊದಲು ಮಗುವನ್ನು ಆ ಸೀಟಿನ ಮೇಲೆ ಕೂರಿಸಬೇಡಿ.