ಏಳು ಸುತ್ತಿನ ರಂಗೋಲಿ

ಅಜ್ಜಿಯರು ಹೇಳುವ ಕಥೆಗಳಲ್ಲಿ ರಾಜಕುಮಾರ ಏಳು ಸಮುದ್ರ ದಾಟಬೇಕು. ಆ ಮೇ ತಿಂಗಳ ಬೆಳಿಗ್ಗೆ ಹುಣಸಮಾರನಹಳ್ಳಿಯ ಗೌರಮ್ಮ ದಾಟಬೇಕಿದ್ದುದು ಏಳು ಸುತ್ತು, ಅಷ್ಟೇ. ಹತ್ತು ಗಂಟೆಗೆ ಅಂಗಡಿ ಮುಚ್ಚುತ್ತಿತ್ತು.

ಲಾಕ್‌ಡೌನಿಗೆ ಮೂರು ದಿನ ಮುಂಚೆ ಅವಳ ಗಂಡ ಲಕ್ಕಣ್ಣ ಉಳಿದ ಹಲ್ಲುಗಳನ್ನೆಲ್ಲ ಕೀಳಿಸಿಕೊಂಡಿದ್ದ. ಹೊಸ ಸೆಟ್ಟು ಬರುವ ಮೊದಲೇ ಕ್ಲಿನಿಕ್ಕು ಮುಚ್ಚಿತು. ಅನ್ನವನ್ನು ಅಗಿಯಬೇಕು, ಮುದ್ದೆಯಾದರೆ ನುಂಗಿದರಾಯಿತು. ಆದರೆ ಡಬ್ಬದಲ್ಲಿ ರಾಗಿ ಹಿಟ್ಟು ಮುಗಿದು ಎರಡು ದಿನವಾಗಿತ್ತು. ಗಂಜಿ ಕೊಟ್ಟರೆ, "ನಂಗೇನ್ ಜ್ವರಾನಾ?" ಎಂದು ಲೋಟ ಪಕ್ಕಕ್ಕಿಟ್ಟಿದ್ದ. ಎರಡು ದಿನದಿಂದ ಬರೀ ಮಜ್ಜಿಗೆ.

ಮುನಿರತ್ನನ ಅಂಗಡಿ ಮುಂದೆ ಗಿರಾಕಿಗಳು ದೂರ ದೂರ ನಿಲ್ಲಲೆಂದು ಸುತ್ತು ಬರೆಯಬೇಕಿತ್ತು. ಪೇಂಟು ಎಲ್ಲೂ ಸಿಗದೆ ಅವನ ಹೆಂಡತಿ ವನಿತಾ ರಂಗೋಲಿ ಪುಡಿಯಲ್ಲೇ ಬರೆದಿದ್ದಳು. ಬರೀ ಸುತ್ತು ಬಿಡಲು ಕೈ ಒಪ್ಪಿರಲಿಲ್ಲ. ಒಂದಕ್ಕೆ ಎಸಳು, ಒಂದಕ್ಕೆ ಬಳ್ಳಿ. ಕೌಂಟರಿನ ಎದುರಿನದಕ್ಕೆ ಎಂಟು ದಳದ ಕಮಲ, ನಡುವೆ ಕುಂಕುಮ.

ಗೌರಮ್ಮ ಕೊನೆಯ ಸುತ್ತಿನ ಪಕ್ಕಕ್ಕೆ ನಿಂತಳು.

"ಅಜ್ಜಿ, ರೌಂಡೊಳಗೆ ನಿಂತ್ಕೊಳ್ಳಿ," ಎಂದ ಹೋಮ್‌ಗಾರ್ಡ್.

"ರಂಗೋಲೆ ತುಳಿಯಾಕಾಯ್ತದಾ? ನಿಮ್ಮನೇಲಿ ತುಳೀತೀರಾ?"

"ಇದು ರಂಗೋಲಿ ಅಲ್ಲ ಅಜ್ಜಿ, ಡಿಸ್ಟೆನ್ಸು."

ಅವಳು ಕದಲಲಿಲ್ಲ. ಚಡ್ಡಿ ಹಾಕಿದ್ದ ಸುರೇಶ ಎಂಬ ಹುಡುಗ ಹಿಂದಿನಿಂದ ಬಂದು ಖಾಲಿ ಸುತ್ತಿನಲ್ಲಿ ನಿಂತ. ಸಾಲು ಸರಿಯಿತು. ಗೌರಮ್ಮ ಮಾತ್ರ ಅಲ್ಲೇ ಉಳಿದಳು.

"ರಾಗಿ ಹಿಟ್ಟು ಒಂದೇ ಪ್ಯಾಕೆಟ್ ಇರೋದು! ಆಮೇಲೆ ಕೇಳ್ಬೇಡಿ!" ಮುನಿರತ್ನ ಒಳಗಿನಿಂದ ಕೂಗಿದ.

"ನಂಗೆ ಎತ್ತಿಡೋ ಮುನಿರತ್ನಾ!"

"ಎತ್ತಿಡಂಗಿಲ್ಲ ಗೌರಮ್ಮೋರೆ. ನಿನ್ನೆ ಎತ್ತಿಟ್ಟು ಎಲ್ರ ಹತ್ರ ಬೈಸ್ಕೊಂಡೆ. ಸಾಲಲ್ಲಿ ಬನ್ನಿ."

ಒಂಬತ್ತು ಮುಕ್ಕಾಲು. ಗೌರಮ್ಮ ಸೆರಗು ಸಿಕ್ಕಿಸಿಕೊಂಡಳು. ಮಂಡಿ ಹಿಡಿದು ಬಗ್ಗಿ, ಸುತ್ತಿನ ಅಂಚು ಮುಟ್ಟಿ, ಬೆರಳನ್ನು ಎರಡೂ ಕಣ್ಣಿಗೊತ್ತಿಕೊಂಡು ಒಳಗೆ ಕಾಲಿಟ್ಟಳು.

"ಅಜ್ಜೀ! ಮುಖ ಮುಟ್ಟಂಗಿಲ್ಲ!" ಹೋಮ್‌ಗಾರ್ಡ್ ಓಡಿ ಬಂದು ಕೈಗೆ ಸ್ಯಾನಿಟೈಜರ್ ಸುರಿದ.

ಮುಂದಿನ ಸುತ್ತು. ಬಗ್ಗುವುದು, ಮುಟ್ಟುವುದು, ಒತ್ತಿಕೊಳ್ಳುವುದು, ಸ್ಯಾನಿಟೈಜರ್. ನಾಲ್ಕನೆಯದಕ್ಕೆ ಅವನೇ ಬಾಟಲಿ ಹಿಡಿದು ಮುಂಚಿತವಾಗಿ ಕಾಯುತ್ತಿದ್ದ. ಹಿಂದಿದ್ದವರು ಗೊಣಗುತ್ತಿದ್ದರು.

ಸುರೇಶ ತಿರುಗಿ ನೋಡಿದ. "ಏನಜ್ಜಿ, ಯೋಗಾನಾ?"

"ಊಂ ಕಣಪ್ಪ. ನೀನು ತುಳಿದಿದ್ಕೂ ಸೇರಿಸಿ ನಾನೇ ಮಾಡ್ತಾ ಇವ್ನಿ."

ಅವಳು ಆರನೆಯ ಸುತ್ತಿಗೆ ಬರುವಷ್ಟರಲ್ಲಿ ಕಮಲದ ಮೇಲೆ ಸುರೇಶ ನಿಂತಿದ್ದ. ಬಿಸ್ಕತ್ತು, ಎಣ್ಣೆ, ಶಾಂಪೂ ಚೀಲಕ್ಕೆ ಸೇರಿದವು.

"ಮತ್ತೆ ಅಮ್ಮ ಏನೋ ಹಿಟ್ಟು ಅಂದ್ರು."

"ಯಾವ್ ಹಿಟ್ಟು? ರಾಗೀದು ಒಂದಿದೆ, ಕಡ್ಲೇದಿದೆ."

"ತಾಳಿ, ಕೇಳ್ತೀನಿ." ಅವನು ಫೋನ್ ಕಿವಿಗಿಟ್ಟು ಪಕ್ಕಕ್ಕೆ ಸರಿದ. ಅತ್ತ ರಿಂಗಾಗುತ್ತಲೇ ಇತ್ತು.

ಹೋಮ್‌ಗಾರ್ಡ್ ಸೀಟಿ ಊದಿದ. ಮುನಿರತ್ನ ಶಟರಿಗೆ ಕೈ ಹಾಕಿದ.

ಗೌರಮ್ಮ ಬಗ್ಗಲಿಲ್ಲ. ನೆಟ್ಟಗೆ ಕಮಲದ ನಡುವಿಗೆ ಕಾಲಿಟ್ಟು ಕೈ ಚಾಚಿದಳು.

"ಅವರಮ್ಮಂಗೆ ಯಾವ್ದು ಬೇಕೋ ಗೊತ್ತಿಲ್ಲ. ನಂಗ್ ಗೊತ್ತದೆ. ಕೊಡು."

ಮುನಿರತ್ನ ಹುಡುಗನನ್ನೊಮ್ಮೆ ನೋಡಿ ಪ್ಯಾಕೆಟ್ ಕೊಟ್ಟ. ಬಾಗಿಲಲ್ಲಿದ್ದ ವನಿತಾ ಅವಳ ಕಾಲನ್ನು ನೋಡಿದಳು.

ಮನೆಯ ಹಿತ್ತಲಲ್ಲಿ ಕಾಲು ತೊಳೆಯಲು ಕೂತಾಗ ಹಿಮ್ಮಡಿಯ ಬಿರುಕಿನಲ್ಲಿ ಬಿಳಿ ಪುಡಿ, ಚೂರು ಕುಂಕುಮ ಕಂಡವು. ಚೊಂಬು ಕೆಳಗಿಟ್ಟು ಅದನ್ನು ಬೆರಳಿನಿಂದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಬೆರಳಿನಲ್ಲಿ ಸ್ಯಾನಿಟೈಜರ್ ವಾಸನೆಯಿತ್ತು. ಆಮೇಲೆ ನೀರು ಹುಯ್ದುಕೊಂಡಳು.

"ಇಟ್ಟು ಸಿಕ್ತೇನೇ?" ಒಳಗಿನಿಂದ ಲಕ್ಕಣ್ಣ ಕೇಳಿದ.

"ಸಿಕ್ತು. ತಟ್ಟೆ ತೊಳ್ಕೋ," ಎಂದು ಅವಳು ಒಲೆ ಹಚ್ಚಿ ಎಸರಿಗಿಟ್ಟಳು.