ಇಂಚಿನ ನಟ್ಟು

ದಯಾನಂದ ಬೈಕನ್ನು ಅಂಗಳದ ಹೊರಗೇ ನಿಲ್ಲಿಸಿ, ಬೂದಿ ಮೆತ್ತಿದ ಬೋಲ್ಟೊಂದನ್ನು ಅಂಗೈಯಲ್ಲಿ ಹಿಡಿದುಕೊಂಡು ಒಳಗೆ ಬಂದ. ಚಾವಡಿಯಲ್ಲಿ ಅಪ್ಪನನ್ನು ಮೀಯಿಸಿ, ಬಾಳೆಲೆಯ ಮೇಲೆ ಮಲಗಿಸಿ ಆಗಿತ್ತು. ತಲೆಯ ಬಳಿ ತೆಂಗಿನಕಾಯಿಯ ಕಡಿಯಲ್ಲಿ ದೀಪ ಉರಿಯುತ್ತಿತ್ತು. ಬೆಳಗ್ಗಿನ ಚಾ ಕುಡಿದು ಲೋಟ ಕೆಳಗಿಟ್ಟವರು ಹಾಗೇ ಗೋಡೆಗೆ ಒರಗಿ ಹೋಗಿಬಿಟ್ಟಿದ್ದರು ಮಾಯಿಲಪ್ಪ. ಯಾರಿಗೂ ಒಂದು ಗಳಿಗೆಯ ಕಷ್ಟ ಕೊಟ್ಟಿರಲಿಲ್ಲ.

“ರುಕ್ಮಯ್ಯಣ್ಣ, ಒಂದು ಎಡವಟ್ಟಾಗಿದೆ,” ದಯಾನಂದ ಸ್ವರ ತಗ್ಗಿಸಿದ. “ಶ್ಮಶಾನದಲ್ಲಿ ಸೌದೆ ಇಡುವ ಕಬ್ಬಿಣದ ಚೌಕಟ್ಟು ಉಂಟಲ್ಲ, ಅದರ ಒಂದು ಬದಿ ನಿಲ್ಲುವುದೇ ಇಲ್ಲ. ಬೋಲ್ಟು ಉಂಟು, ನಟ್ಟು ಇಲ್ಲ. ಬೂದಿಯೆಲ್ಲ ಕೆದಕಿ ನೋಡಿದ್ದಾಯ್ತು.”

ರುಕ್ಮಯ್ಯ ಊರಿನ ಹಿರಿಯರು. ಯಾರ ಮನೆಯಲ್ಲಿ ಸಾವಾದರೂ ಸೌದೆ ತರಿಸುವುದರಿಂದ ಬಾಯಿಗೆ ನೀರು ಬಿಡಿಸುವವರೆಗೆ ಹೇಳಿಕೊಡುವವರು ಅವರೇ. ಬೋಲ್ಟನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಕಬ್ಬಿಣದ ಸರಿಗೆಯಲ್ಲಿ ಕಟ್ಟುವ,” ಎಂದರು ಅಂಗಳದಲ್ಲಿ ಕುಳಿತ ಯಾರೋ.

“ಬೆಂಕಿಗೆ ಸರಿಗೆ ನಿಲ್ತದಾ ಮಾರಾಯ? ಒಮ್ಮೆ ಹಾಗೆ ಕಟ್ಟಿ, ಅರ್ಧ ಉರಿಯುವಾಗ ಕೊಳ್ಳಿ ಸಮೇತ ಹೊರಗೆ ಜಾರಿ, ನೋಡಬಾರದ್ದನ್ನು ನೋಡಿದ್ದೇವೆ. ಅಲ್ಲಿಂದ ಮತ್ತೆ ಊರಲ್ಲಿ ಯಾರನ್ನು ಸುಟ್ಟರೂ ಮೂರನೇ ದಿವಸ ಈ ಮಾಯಿಲಪ್ಪನೇ ಹೋಗಿ ನಾಲ್ಕು ಬೋಲ್ಟು ಬಿಗಿ ಮಾಡಿ ಬರ್ತಿದ್ದ. ಯಾರೂ ಹೇಳಿದ್ದಲ್ಲ.” ರುಕ್ಮಯ್ಯ ಚಾವಡಿಯ ಕಡೆ ನೋಡಿದರು. “ಹೋದ ತಿಂಗಳು ಕಾಲು ನೋವು ಅಂತ ಹೋಗಲಿಲ್ಲ. ಅದೊಂದು ಸಲ.”

ಮಡಂತ್ಯಾರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಅಬ್ದುಲ್ ಶುಕೂರ್, ಮಾಯಿಲಪ್ಪನವರಿಗೆ ನಲವತ್ತು ವರ್ಷದ ಗೆಳೆಯ. ಅವರು ಬೋಲ್ಟನ್ನು ತೆಗೆದುಕೊಂಡು, ಲುಂಗಿಯ ತುದಿಯಲ್ಲಿ ಬೂದಿ ಒರೆಸಿ, ಬೆಳಕಿಗೆ ಹಿಡಿದರು.

“ಇದು ಹಳೇ ಇಂಚಿನ ಲೆಕ್ಕದ್ದು. ಈಗ ನಮ್ಮ ಅಂಗಡಿಗೆ ಬರುವುದೆಲ್ಲ ಎಂಎಂ. ನೋಡ್ಲಿಕ್ಕೆ ಎರಡೂ ಒಂದೇ. ಹಾಕಿದರೆ ಎರಡು ಸುತ್ತು ಹೋಗಿ ಕಚ್ಚಿ ನಿಲ್ತದೆ. ಇದಕ್ಕೆ ಹಿಡಿಯುವ ಹಳೇ ನಟ್ಟು ಇದ್ದರೆ ಮಾಯಿಲಪ್ಪಣ್ಣನ ಶೆಡ್ಡಲ್ಲೇ ಇರಬೇಕು.”

ದಯಾನಂದ ತಂಗಿಯ ಕಡೆ ತಿರುಗಿದ. “ನೀನು ಹೋಗಿ ನೋಡು ಸುಪ್ರೀತಾ. ಅಲ್ಲಿ ಎಲ್ಲ ಜೋಡಿಸಿ ಇಟ್ಟದ್ದು ನೀನೇ ಅಲ್ವಾ?”

ಅವನ ಮಾತಿನಲ್ಲಿ ಮುಳ್ಳೇನೂ ಇರಲಿಲ್ಲ. ಆದರೂ ಅಪ್ಪನ ಕಾಲ ಬಳಿ ಕುಳಿತಿದ್ದ ಸುಪ್ರೀತಾಳ ಎದೆಯಲ್ಲಿ ಏನೋ ಕಚ್ಚಿ ನಿಂತಿತು. ಆ ಶೆಡ್ಡಿನ ಹೊಸ್ತಿಲು ಅವಳು ತುಳಿಯದೆ ಆರು ವರ್ಷ ಕಳೆದಿತ್ತು.

*

ಮಾಯಿಲಪ್ಪನವರದು ಮನೆಯ ಹಿಂದಿನ ದನದ ಹಟ್ಟಿಯನ್ನೇ ಸರಿಮಾಡಿಕೊಂಡ ಶೆಡ್ಡು. ಅಡಿಕೆಗೆ ಮದ್ದು ಬಿಡುವ ಪಂಪು, ರಬ್ಬರ್ ಶೀಟ್ ಒತ್ತುವ ಮಿಶಿನು, ಹೊಲಿಗೆ ಮಿಶಿನು, ಬಾವಿಯ ರಾಟೆ, ಹೀಗೆ ಸುತ್ತ ನಾಲ್ಕು ಊರಿನ ಕೆಟ್ಟ ಕಬ್ಬಿಣವೆಲ್ಲ ಅಲ್ಲಿಗೆ ಬಂದು ಗುಣವಾಗಿ ಹೋಗುತ್ತಿತ್ತು. ಬೆಳಗ್ಗೆ ಬಾಗಿಲು ತೆರೆದು, ಪೊಳಲಿ ಅಮ್ಮನ ಪಟದ ಎದುರು ಬತ್ತಿ ಹಚ್ಚಿ, ಮೇಜಿಗೆ ಕೈಮುಗಿದ ಮೇಲೆಯೇ ಸ್ಪ್ಯಾನರ್ ಮುಟ್ಟುತ್ತಿದ್ದರು. ಹೆಂಚಿನ ಮಾಡನ್ನು ಹೊತ್ತ ಮರದ ಪಕಾಸುಗಳಿಗೆ ಸಾಲಾಗಿ ಬಾಟ್ಲಿಯ ಮುಚ್ಚಳಗಳನ್ನು ಆಣಿ ಹೊಡೆದು, ಕೆಳಗಿನಿಂದ ಬಾಟ್ಲಿಗಳನ್ನು ತಿರುಗಿಸಿ ತೂಗುಹಾಕಿದ್ದರು. ಹಾರ್ಲಿಕ್ಸ್ ಬಾಟ್ಲಿ, ಉಪ್ಪಿನಕಾಯಿ ಬಾಟ್ಲಿ, ಒಟ್ಟು ಅರುವತ್ತೋ ಎಪ್ಪತ್ತೋ. ಒಂದರ ಮೇಲೂ ಚೀಟಿ ಇರಲಿಲ್ಲ. ದೊಡ್ಡದು, ಸಣ್ಣದು, ತುಕ್ಕು ಹಿಡಿದದ್ದು ಎಲ್ಲ ಒಂದೇ ಬಾಟ್ಲಿಯಲ್ಲಿ.

ಆರು ವರ್ಷದ ಹಿಂದೆ ಅಪ್ಪನ ಕಣ್ಣಿನ ಪೊರೆ ತೆಗೆಸಲು ಅಣ್ಣ ಮಂಗಳೂರಿಗೆ ಕರೆದುಕೊಂಡು ಹೋಗಿದ್ದ. ಸುಪ್ರೀತಾ ಗಂಡನ ಮನೆಯಾದ ಕನ್ಯಾನದಿಂದ ಬಂದು ಅಮ್ಮನ ಜೊತೆ ನಿಂತಿದ್ದಳು. ಅವಳು ಅಲ್ಲಿ ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕಿದ್ದವಳು. ಸಾವಿರ ಬಗೆಯ ಮಾತ್ರೆಗಳನ್ನು ಕಣ್ಣು ಮುಚ್ಚಿ ಎತ್ತಿಕೊಡಬಲ್ಲವಳು. ಅಪ್ಪನ ಬಾಟ್ಲಿಗಳನ್ನು ನೋಡಿ ಅವಳಿಗೆ ಕನಿಕರವಾಯಿತು. ಕಾಣದ ಕಣ್ಣಲ್ಲಿ ಇಷ್ಟು ವರ್ಷ ಇದರಲ್ಲಿ ಹುಡುಕಿದ್ದಾರಲ್ಲ!

ಬೆಳ್ತಂಗಡಿಗೆ ಹೋಗಿ ಖಾನೆಗಳಿರುವ ಪ್ಲಾಸ್ಟಿಕ್ ತಟ್ಟೆಗಳನ್ನು ತಂದಳು. ಎಲ್ಲ ಬಾಟ್ಲಿಗಳನ್ನು ನೆಲದ ಮೇಲೆ ಸುರಿದು, ಮೂರು ದಿನ ಚಾಪೆಯಲ್ಲಿ ಕುಳಿತು ನಟ್ಟು ಬೇರೆ, ಬೋಲ್ಟು ಬೇರೆ, ಸ್ಕ್ರೂ ಬೇರೆ ಮಾಡಿದಳು. ದಪ್ಪಕ್ಕೆ ದಪ್ಪ, ಉದ್ದಕ್ಕೆ ಉದ್ದ. ಒಂದೊಂದು ಖಾನೆಗೂ ದೊಡ್ಡ ಅಕ್ಷರದಲ್ಲಿ ಅಳತೆಯ ನಂಬರು ಬರೆದ ಚೀಟಿ.

ಅಪ್ಪ ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಬಂದವರು ಶೆಡ್ಡಿನ ಬಾಗಿಲಲ್ಲಿ ನಿಂತರು. ಖಾಲಿ ಪಕಾಸುಗಳನ್ನು ನೋಡಿದರು. ತಟ್ಟೆಗಳನ್ನು ನೋಡಿದರು. ಬಾಗಿಲ ಚೌಕಟ್ಟನ್ನು ಒಂದು ಕೈಯಲ್ಲಿ ಹಿಡಿದುಕೊಂಡರು.

“ಚಂದ ಆಗಿದೆ ಮಗಾ,” ಎಂದರು. “ಭಾರೀ ಚಂದ ಆಗಿದೆ.”

ಎರಡು ತಿಂಗಳ ನಂತರ ಮಡಂತ್ಯಾರಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ ಶುಕೂರರ ಬಾಯಿಂದ ಅವಳಿಗೆ ವಿಷಯ ಗೊತ್ತಾದದ್ದು. ಆ ಬಾಟ್ಲಿಗಳು ಅಳತೆಯ ಲೆಕ್ಕದ್ದಲ್ಲ, ಮನೆಯ ಲೆಕ್ಕದ್ದು. ಹೊಳೆ ದಾಟುವ ಸಂಕದ ಈಚೆಯ ಮೊದಲ ಮನೆಯಿಂದ ಹಿಡಿದು ಗುಡ್ಡದ ತುದಿಯ ಕೊನೆಯ ಮನೆಯವರೆಗೆ, ದಾರಿಯಲ್ಲಿ ಮನೆಗಳು ಇರುವ ಕ್ರಮದಲ್ಲೇ ಪಕಾಸಿನಲ್ಲಿ ಬಾಟ್ಲಿಗಳು. ಯಾರ ಮಿಶಿನಿಂದ ಬಿಚ್ಚಿದ್ದೋ ಅದು ಅವರ ಬಾಟ್ಲಿಗೆ. “ಒಂದು ಬೋಲ್ಟಿಗೆ ಇಪ್ಪತ್ತು ವರ್ಷ ಒಗ್ಗಿದ ನಟ್ಟು ಬೆರಳಲ್ಲೇ ಓಡ್ತದೆ, ಬೇರೆಯದ್ದು ಹಾಕಿದರೆ ಎರಡೂ ಹಾಳು ಅಂತ ನಿನ್ನ ಅಪ್ಪ ಯಾವಾಗಲೂ ಹೇಳುವುದು,” ಎಂದಿದ್ದರು ಶುಕೂರ್, ನಗುತ್ತಲೇ. ಅವಳಿಗೆ ನಗು ಬರಲಿಲ್ಲ.

ಅದೇ ವರ್ಷ ಅಪ್ಪ ಹೊಸ ಕೆಲಸ ಹಿಡಿಯುವುದನ್ನು ಕಡಿಮೆ ಮಾಡಿದರು. ಕಣ್ಣು ಸಾಲದು ಎಂದರು ಊರವರು. ಪಕಾಸಿನಲ್ಲಿ ತೂಗುತ್ತಿದ್ದ ಇಡೀ ಊರನ್ನು ತಾನು ಮೂರೇ ದಿನದಲ್ಲಿ ನೆಲಕ್ಕೆ ಸುರಿದೆ ಎಂದು ಸುಪ್ರೀತಾಳಿಗೆ ಮಾತ್ರ ಗೊತ್ತಿತ್ತು. ತಿಂಗಳಿಗೊಮ್ಮೆ ಬರುತ್ತಿದ್ದಳು, ಉಂಡು ಮಾತಾಡಿ ಹೋಗುತ್ತಿದ್ದಳು. ಶೆಡ್ಡಿನ ಕಡೆ ಹೋಗುತ್ತಿರಲಿಲ್ಲ. ಅಪ್ಪ ಎಷ್ಟೋ ಸಲ “ಬಾ, ಒಮ್ಮೆ ನೋಡು,” ಎಂದಿದ್ದರು. “ಇನ್ನೊಮ್ಮೆ ಬರ್ತೇನೆ, ಬಸ್ಸಿಗೆ ಹೊತ್ತಾಯ್ತು,” ಎನ್ನುತ್ತಿದ್ದಳು. ಕೇಳಿಬಿಡೋಣ ಎಂದುಕೊಂಡೇ ಆರು ವರ್ಷ ಬಸ್ಸು ಹತ್ತಿದ್ದಳು: ಅಪ್ಪ, ನಿಮಗೆ ನನ್ನ ಮೇಲೆ ಸಿಟ್ಟುಂಟಾ?

ಈಗ ಕೇಳಲು ಯಾರೂ ಇರಲಿಲ್ಲ.

*

ಶುಕೂರ್ ಬಾಗಿಲು ದೂಡಿದರು. ಎಣ್ಣೆ, ಕಬ್ಬಿಣ, ಊದುಬತ್ತಿ ಮೂರೂ ಸೇರಿದ ಹಳೆಯ ವಾಸನೆ ಎದುರಾಯಿತು. ಸುಪ್ರೀತಾ ತಲೆಯೆತ್ತಿ ನೋಡಿದಳು.

ಪಕಾಸಿನ ತುಂಬ ಬಾಟ್ಲಿಗಳು ಮತ್ತೆ ತೂಗುತ್ತಿದ್ದವು. ಈ ಸಲ ಪ್ರತಿಯೊಂದರ ಮೇಲೂ ಬಿಳಿ ಪಟ್ಟಿ, ಅದರ ಮೇಲೆ ಅಪ್ಪನ ನಡುಗುವ ಅಕ್ಷರ. ಕಮಲಾವತಿ ಅಮ್ಮ, ರಬ್ಬರ್ ಮಿಶಿನು. ನಫೀಸಮ್ಮ, ಹೊಲಿಗೆ ಮಿಶಿನು. ರುಕ್ಮಯ್ಯ, ಪಂಪು. ಒಳಗೆ ಒಂದೊಂದು ಬೋಲ್ಟಿಗೂ ಅದರದೇ ನಟ್ಟು ಹಾಕಿ ಇಟ್ಟಿತ್ತು.

“ನಾನು ಮಾಡಿದ್ದನ್ನೆಲ್ಲ ಅಪ್ಪ ಬಿಚ್ಚಿದ್ದಾರೆ,” ಎಂದಳು ಮೆಲ್ಲನೆ.

“ಬಿಚ್ಚಿದ್ದಲ್ಲ ಮಗಳೇ. ಜೋಡಿ ಹುಡುಕಿದ್ದು. ಒಂದು ಬೋಲ್ಟು ಹಿಡಿದು ಕೂತರೆ ಬೆಳಗ್ಗಿಂದ ಮಧ್ಯಾಹ್ನ, ನಟ್ಟು ಹಾಕಿ ನೋಡುವುದು, ತೆಗೆಯುವುದು. ಓಡಿದರೆ ಜೋಡಿ. ಆಮೇಲೆ ಅದು ಯಾರ ಮನೆಯದ್ದು ಅಂತ ನೆನಪು ಮಾಡಿಕೊಳ್ಳುವುದು. ನೆನಪಾಗದಿದ್ದರೆ ಆ ಮನೆಗೇ ಹೋಗಿ, ಮಿಶಿನಿಗೆ ಹಾಕಿ ನೋಡಿ ಬರುವುದು. ನನ್ನ ಹೆಂಡತಿ ಕೇಳಿದ್ದಳು, ಈ ಜನ ನಟ್ಟಿಗೆ ಸಂಬಂಧ ನೋಡ್ಲಿಕ್ಕೆ ಬರುವುದಾ ಅಂತ.”

ಸುಪ್ರೀತಾಳ ಕಣ್ಣು ಮೇಜಿನತ್ತ ಹೋಯಿತು. ಅವಳ ಪ್ಲಾಸ್ಟಿಕ್ ತಟ್ಟೆಗಳು ಅವಳಿಟ್ಟ ಜಾಗದಲ್ಲೇ ಇದ್ದವು. ಚೀಟಿಗಳೂ ಅವಳವೇ. ಒಂದು ಖಾನೆಯೂ ಖಾಲಿ ಇರಲಿಲ್ಲ. ಅವಳಿಗೆ ಅರ್ಥವಾಗಲಿಲ್ಲ. ಇಲ್ಲಿಂದ ತೆಗೆದು ಅಲ್ಲಿ ತುಂಬಿಸಿದ್ದರೆ ಇವು ತುಂಬಿರುವುದು ಹೇಗೆ? ಬಗ್ಗಿ ಒಂದನ್ನು ಎತ್ತಿದಳು. ಹೊಸದು. ಬೆಳ್ಳಿಯ ಹಾಗೆ ಹೊಳೆಯುವ, ಯಾವ ಮಿಶಿನನ್ನೂ ಕಾಣದ ಬೋಲ್ಟು. ಪಕ್ಕದ ಖಾನೆಯಲ್ಲೂ ಹೊಸವೇ. ಅದರ ಪಕ್ಕದಲ್ಲೂ.

“ಇದೆಲ್ಲ ನನ್ನ ಅಂಗಡಿಯದ್ದು,” ಎಂದರು ಶುಕೂರ್. “ಒಂದು ಹಳೇದು ತೆಗೆದರೆ, ಹೆಚ್ಚುಕಡಿಮೆ ಅದೇ ಗಾತ್ರದ ಹೊಸದು ಒಂದು ಆ ಖಾನೆಗೆ. ವಾರಕ್ಕೊಮ್ಮೆ ನಿನ್ನ ಚೀಟಿಯ ನಂಬರು ಬರೆದುಕೊಂಡು ಬರ್ತಿದ್ದರು. ನಾನು ಬೈದಿದ್ದೇನೆ. ಯಾಕೆ ಮಾಯಿಲಪ್ಪಣ್ಣ, ಇದು ನಿಮಗೆ ಉಪಯೋಗವೂ ಇಲ್ಲ, ಎಂತಕ್ಕೆ? ಅದಕ್ಕೆ ಹೇಳಿದ್ದು, ಅವಳು ಮೂರು ದಿವಸ ಬೆನ್ನು ಬಗ್ಗಿಸಿ ಮಾಡಿದ್ದು ಶುಕೂರೇ, ಬಂದು ನೋಡುವಾಗ ಖಾಲಿ ಕಾಣಬಾರದು.”

ಅವಳು ಮೇಜಿನ ಅಂಚು ಹಿಡಿದುಕೊಂಡಳು.

“ನಾನು ಬರಲೇ ಇಲ್ಲ, ಶುಕೂರಣ್ಣ.”

ಹೊರಗೆ ಯಾರೋ ಮಾವಿನ ಸೌದೆಯನ್ನು ಪಿಕಪ್ಪಿಗೆ ತುಂಬುವ ಸದ್ದಾಗುತ್ತಿತ್ತು. ಶುಕೂರ್ ಮೂಲೆಯಲ್ಲಿದ್ದ ಕೊನೆಯ ತಟ್ಟೆಯನ್ನು ಎಳೆದು ಅವಳ ಮುಂದಿಟ್ಟರು. ಅದೊಂದರಲ್ಲಿ ಇನ್ನೂ ಹಳೆಯ, ಜೋಡಿ ಸಿಗದ ನಟ್ಟುಗಳಿದ್ದವು. ಗ್ರೀಸು, ತುಕ್ಕು ಸೇರಿ ಕಪ್ಪಾಗಿದ್ದವು.

“ಇದ್ದರೆ ಇದರಲ್ಲೇ. ಕಣ್ಣಲ್ಲಿ ಹುಡುಕಬೇಡ, ಮೋಸ ಹೋಗ್ತಿ. ಬೆರಳಲ್ಲಿ ನೋಡು. ನಾನು ಹೊರಗೆ ಹೇಳಿ ಬರ್ತೇನೆ, ಸ್ವಲ್ಪ ತಡ ಅಂತ.”

ಅವಳು ಅಪ್ಪನ ಮಣೆಯ ಮೇಲೆ ಕುಳಿತಳು. ಶ್ಮಶಾನದ ಬೋಲ್ಟನ್ನು ಎಡಗೈಯಲ್ಲಿ ಹಿಡಿದು, ಒಂದು ನಟ್ಟು ಹಾಕಿದಳು. ಎರಡು ಸುತ್ತು, ಕಚ್ಚಿತು. ಬಿಡಿಸಿದಳು. ಇನ್ನೊಂದು. ಅದೂ ಕಚ್ಚಿತು. ಎಲ್ಲ ನೋಡಲು ಒಂದೇ. ಇಪ್ಪತ್ತು, ಮೂವತ್ತು ಆಗುವಾಗ ಬೆರಳ ತುದಿ ಕಪ್ಪಾಗಿ, ಉಗುರಿನ ಸಂದಿಯಲ್ಲಿ ಗ್ರೀಸು ತುಂಬಿತು. ಹೊರಗೆ ಸಿಟ್ಟಿನ ಸ್ವರವೊಂದು, “ಒಂದು ನಟ್ಟಿಗೆ ಇಷ್ಟು ಹೊತ್ತಾ? ಸರಿಗೆ ಸಾಕಿತ್ತು,” ಎಂದಿತು. “ನಿನ್ನನ್ನು ಸುಡುವಾಗ ಸರಿಗೆ ಹಾಕುವ. ಈಗ ಸುಮ್ಮನೆ ಕೂತುಕೋ,” ಎಂದು ರುಕ್ಮಯ್ಯ ಹೇಳಿದ್ದು ಕೇಳಿಸಿತು.

ಅವಳಿಗೆ ಅವಸರವೇ ಆಗಲಿಲ್ಲ. ಹಾಕುವುದು, ತಿರುಗಿಸುವುದು, ಬಿಡಿಸುವುದು. ಅಪ್ಪ ಆರು ವರ್ಷ ಇಲ್ಲಿ ಕುಳಿತು ಮಾಡಿದ್ದು ಇದನ್ನೇ. ಗೋಡೆಯಾಚೆ ಚಾವಡಿಯಲ್ಲಿ ತಾನು ಚಾ ಕುಡಿಯುತ್ತಾ, ಬಸ್ಸಿನ ಹೊತ್ತು ನೋಡುತ್ತಾ ಕುಳಿತಿದ್ದ ದಿನಗಳಲ್ಲೂ ಇದನ್ನೇ.

ಒಂದು ನಟ್ಟು ಮೂರನೇ ಸುತ್ತಿಗೆ ನಿಲ್ಲಲಿಲ್ಲ. ನಾಲ್ಕು, ಐದು. ಬೆರಳು ಸುಮ್ಮನೆ ಸೋಕಿದ್ದಷ್ಟೇ, ಅದು ತಾನಾಗಿ ಓಡಿ ಬೋಲ್ಟಿನ ತಲೆಗೆ ತಾಗಿ ನಿಂತಿತು.

*

ದಯಾನಂದ ನಟ್ಟು ಬೋಲ್ಟು ತೆಗೆದುಕೊಂಡು ಬೈಕ್ ಹತ್ತಿದ, ಚೌಕಟ್ಟು ಬಿಗಿದು ಕೂಡಲೇ ಮರಳಿದ. ರುಕ್ಮಯ್ಯ ತುಳಸಿ ಹಾಕಿದ ನೀರಿನ ಗಿಂಡಿಯನ್ನು ಚಾವಡಿಯಲ್ಲಿ ಇಟ್ಟು, ಮನೆಯವರನ್ನು ಒಬ್ಬೊಬ್ಬರನ್ನಾಗಿ ಕರೆದರು. ಸೇಸಮ್ಮ ಗಂಡನ ಬಾಯಿಗೆ ನೀರು ಬಿಟ್ಟು, ಏಳಲಾಗದೆ ಅಲ್ಲೇ ಪಕ್ಕಕ್ಕೆ ಸರಿದು ಕುಳಿತರು. ಸುಪ್ರೀತಾ ಬಂದು ಮೊಣಕಾಲೂರಿದಳು.

“ಅಯ್ಯೋ, ಕೈ ನೋಡು. ಗ್ರೀಸು,” ಎಂದರು ಸೋದರತ್ತೆ. “ತೊಳೆದು ಬಾ. ನೀರು ಬಿಡುವ ಕೈ ಅಲ್ವಾ ಅದು?”

ಅವಳು ಏಳಲು ಹೊರಟಳು. ಬೆಳಗ್ಗಿನಿಂದ ಒಂದು ಮಾತೂ ಆಡದಿದ್ದ ಸೇಸಮ್ಮ ಮಗಳ ಮಣಿಕಟ್ಟು ಹಿಡಿದರು. ಆ ಬೆರಳುಗಳನ್ನು ಒಂದೊಂದಾಗಿ ನೋಡಿದರು.

“ಶೆಡ್ಡಿಗೆ ಹೋಗಿದ್ದಿಯಾ?”

“ಹೂಂ ಅಮ್ಮ.”

“ನೋಡಿದ್ದಿಯಾ?”

“ನೋಡಿದೆ.”

“ಹಾಗಾದರೆ ತೊಳೆಯುವುದು ಬೇಡ. ಹಾಗೇ ಬಿಡು.”

ಸೋದರತ್ತೆ ರುಕ್ಮಯ್ಯನವರ ಮುಖ ನೋಡಿದರು. ರುಕ್ಮಯ್ಯ ಬೇರೆ ಕಡೆ ನೋಡಿದರು.

ಸುಪ್ರೀತಾ ಎಡಗೈಯಲ್ಲಿ ಅಪ್ಪನ ಗಲ್ಲವನ್ನು ಹಿಡಿದು, ಬಲಗೈಯಿಂದ ತುಳಸಿ ಎಲೆಯ ಮೇಲಿನಿಂದ ನೀರು ಬಿಟ್ಟಳು. ತುಟಿಯ ಅಂಚಿಗೆ ಬಂದ ನೀರು ಒಳಗೆ ಹೋಗದೆ ಕೆಳಗೆ ಹರಿಯಿತು. ಅವಳು ಕೈ ತೆಗೆದಾಗ, ಮೀಯಿಸಿ ಒರೆಸಿದ್ದ ಆ ಬೆಳ್ಳಗಿನ ಗಲ್ಲದ ಮೇಲೆ, ನರೆತ ಕುರುಚಲು ಗಡ್ಡದ ನಡುವೆ, ಅವಳ ಹೆಬ್ಬೆರಳಿನ ಗೆರೆಗಳು ಒಂದೂ ಬಿಡದೆ ಕಪ್ಪಾಗಿ ಮೂಡಿದ್ದವು. ಸೋದರತ್ತೆ ಸೆರಗಿನ ತುದಿ ಹಿಡಿದು ಬಗ್ಗಿದವರು, ಒರೆಸದೆ, ಸೆರಗನ್ನು ತಮ್ಮ ಕಣ್ಣಿಗೆ ಒತ್ತಿಕೊಂಡು ಹಿಂದೆ ಸರಿದರು. ನಾಲ್ಕು ಜನ ಬಂದು ಚಟ್ಟಕ್ಕೆ ಹೆಗಲು ಕೊಟ್ಟರು.